ಅರೆತಲೆನೋವಿಗೆ ಸೂಜಿ ಬೇಕೇ? ಮೊದಲು ಕ್ಯಾಲೆಂಡರ್ ನೋಡಿ

ಮೈಗ್ರೇನಿಗೆ ಚುಚ್ಚುಮದ್ದೂ ಇದೆ, ಹಣೆಗೆ ಅಂಟಿಸಿಕೊಳ್ಳುವ ಯಂತ್ರವೂ ಇದೆ ಎಂದು ಕೇಳಿದವರು ಮೊದಲು ವಿಚಾರಿಸುವುದು ಬೆಲೆಯನ್ನು. ಅದಕ್ಕೂ ಮುಂಚೆ ಗೊತ್ತಿರಬೇಕಾದದ್ದು ತಿಂಗಳಿಗೆ ಎಷ್ಟು ದಿನ ತಲೆ ನೋಯುತ್ತದೆ ಎಂಬ ಲೆಕ್ಕ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರೇ ಸಾಕು. ನೋವು ಬಂದ ದಿನಕ್ಕೆ ಒಂದು ಸೊನ್ನೆ ಸುತ್ತಿ, ಮಾತ್ರೆ ನುಂಗಿದ ದಿನಕ್ಕೆ ಒಂದು ಗೀಟು ಹಾಕಿ. ಹೀಗೆ ಮೂರು ತಿಂಗಳು ಬರೆಯಿರಿ. ಸಾಮಾನ್ಯ ನೋವಿನ ಮಾತ್ರೆಯ ಗೀಟುಗಳು ತಿಂಗಳಿಗೆ 15 ಅಥವಾ ಹೆಚ್ಚು, ಮೈಗ್ರೇನ್ ನೋವನ್ನು ಇಳಿಸಲೆಂದೇ ಕೊಡುವ ಟ್ರಿಪ್ಟಾನ್ ಗುಂಪಿನ ಮಾತ್ರೆಯದು 10 ಅಥವಾ ಹೆಚ್ಚು ಇದ್ದರೆ, ಆ ಮಾತ್ರೆಗಳೇ ತಲೆನೋವನ್ನು ಬೆಳೆಸುತ್ತಿರುವ ಸಂಭವವಿದೆ. (ಸಿಡಿಲು ಬಡಿದಂತೆ ಒಮ್ಮೆಲೇ ಎರಗುವ ನೋವು, ಜ್ವರದೊಂದಿಗೆ ಕತ್ತು ಬಿಗಿಯುವುದು, ಕೈಕಾಲಿನಲ್ಲಿ ಬಲ ಕುಂದುವುದು ಕಂಡರೆ ಲೆಕ್ಕ ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.)

ಲೆಕ್ಕ ಕೈಗೆ ಬಂದ ಮೇಲೆ, ಬೇಕಾಗಿರುವುದು ಬಂದ ನೋವನ್ನು ಇಳಿಸುವ ಚಿಕಿತ್ಸೆಯೋ ಬಾರದಂತೆ ತಡೆಯುವ ಚಿಕಿತ್ಸೆಯೋ ಎಂಬುದನ್ನು ವೈದ್ಯರೊಂದಿಗೆ ಬಿಡಿಸಿಕೊಳ್ಳಿ. ಎರಡರಲ್ಲೂ ಸೂಜಿಯ ದಾರಿಯಿದೆ, ಸೂಜಿಯಿಲ್ಲದ ದಾರಿಯೂ ಇದೆ. ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದವರಿಗೆ ಚರ್ಮದಡಿ ಕೊಡುವ 6 ಮಿಲಿಗ್ರಾಂ ಸುಮಟ್ರಿಪ್ಟಾನ್ ಬೇಗ ಕೆಲಸ ಮಾಡುತ್ತದೆ. ಹೃದ್ರೋಗವಿರುವವರಿಗೆ, ಪಾರ್ಶ್ವವಾಯು ಆಗಿದ್ದವರಿಗೆ ಅದು ಸಲ್ಲದು.

ತಡೆಯುವ ಚಿಕಿತ್ಸೆ ಸಾಮಾನ್ಯವಾಗಿ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್‌ನಂಥ ಮಾತ್ರೆಗಳಿಂದ ಆರಂಭವಾಗುತ್ತದೆ. ಸರಿಯಾದ ಪ್ರಮಾಣದಲ್ಲಿ ಎರಡು ಮೂರು ತಿಂಗಳು ತೆಗೆದುಕೊಳ್ಳದೆ ಅವು ನಾಟಲಿಲ್ಲ ಎನ್ನುವುದು ಆತುರದ ತೀರ್ಪು. ಹಣೆಯ ನರಕ್ಕೆ ದಿನಕ್ಕೆ 20 ನಿಮಿಷ ಸಣ್ಣ ವಿದ್ಯುತ್ ಮಿಡಿತ ಕೊಡುವ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಒಪ್ಪಿಗೆ ನೀಡಿತು. ಔಷಧ ಒಗ್ಗದವರಿಗೆ ಇದು ಒಳ್ಳೆಯ ಆಸರೆ, ಆದರೆ ಪೇಸ್‌ಮೇಕರ್ ಇದ್ದವರಿಗಲ್ಲ; ಇದರ ಹಿಂದಿನ ಅಧ್ಯಯನಗಳು ಚಿಕ್ಕವು ಎಂಬುದನ್ನೂ ನೆನಪಿಡಬೇಕು.

ತಡೆಯುವ ಚಿಕಿತ್ಸೆಯಲ್ಲಿ ಸೂಜಿಯ ದಾರಿಗಳಲ್ಲೊಂದು ಬೊಟಾಕ್ಸ್, ಅಂದರೆ ಸ್ನಾಯುಗಳನ್ನು ಸಡಿಲಿಸುವ ಚುಚ್ಚುಮದ್ದು; ಅದು ಎಲ್ಲ ಮೈಗ್ರೇನಿಗಲ್ಲ. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಎಂಟು ದಿನವಾದರೂ ಮೈಗ್ರೇನಿನದಾಗಿರುವ ದೀರ್ಘಕಾಲಿಕ ಸ್ಥಿತಿಗೆ ಮಾತ್ರ ಅದು ಹೊಂದುತ್ತದೆ. 12 ವಾರಕ್ಕೊಮ್ಮೆ 31 ಕಡೆ, ತಲಾ 5 ಯೂನಿಟ್‌ನಂತೆ, ಹುಬ್ಬಿನ ನಡುವೆ ಮತ್ತು ಹಣೆಯಲ್ಲಿ ಏಳು, ಎರಡೂ ಕಪೋಲಗಳ ಮೇಲಿನ ಕಣತಲೆಯಲ್ಲಿ ಎಂಟು, ಹಿಂದಲೆಯಲ್ಲಿ ಆರು, ಕತ್ತಿನಲ್ಲಿ ನಾಲ್ಕು, ಭುಜದಲ್ಲಿ ಆರು ಎಂದು ತೆಳು ಸೂಜಿಯಿಂದ ಚುಚ್ಚುತ್ತಾರೆ. ಎಣಿಕೆ ಕೇಳಿ ಎದೆ ಝಲ್ಲೆನ್ನಬಹುದು, ಆದರೆ ಕೆಲಸ ಮುಗಿಯಲು ಕಾಲು ಗಂಟೆ ಸಾಕು. ಕತ್ತುನೋವು, ಕೆಲವೊಮ್ಮೆ ರೆಪ್ಪೆ ಜೋಲುವುದು ಇದರ ಅಡ್ಡಪರಿಣಾಮಗಳು.

2018ರಿಂದ ಬಳಕೆಗೆ ಬಂದ ಎರೆನುಮ್ಯಾಬ್‌ನಂಥ ಚುಚ್ಚುಮದ್ದುಗಳು ಮೈಗ್ರೇನಿಗೆಂದೇ ರೂಪುಗೊಂಡವು. ನೋವಿನ ಸಂದೇಶ ಸಾಗಿಸುವ ಸಿಜಿಆರ್‌ಪಿ ಎಂಬ ಪ್ರೋಟೀನಿನ ಕೆಲಸವನ್ನು ಅವು ತಡೆಯುತ್ತವೆ. ಹೆಚ್ಚಿನವನ್ನು ತಿಂಗಳಿಗೊಮ್ಮೆ ಹೊಟ್ಟೆಗೋ ತೊಡೆಗೋ ತಾವೇ ಚುಚ್ಚಿಕೊಳ್ಳಬಹುದು. ಎರೆನುಮ್ಯಾಬ್‌ನಿಂದ ಮಲಬದ್ಧತೆ ಬರುವುದುಂಟು, ರಕ್ತದೊತ್ತಡವೂ ಏರಬಹುದು. ಗರ್ಭಧಾರಣೆಯ ಯೋಚನೆಯಿರುವವರು ಮಾತ್ರೆಯಾಗಲಿ ಸೂಜಿಯಾಗಲಿ, ಆರಂಭಿಸುವ ಮೊದಲೇ ವೈದ್ಯರಿಗೆ ಹೇಳಬೇಕು.

ಯಾವ ದಾರಿ ಹಿಡಿದರೂ ಕ್ಯಾಲೆಂಡರ್ ಬರೆಯುವುದನ್ನು ನಿಲ್ಲಿಸಬೇಡಿ. ಬೊಟಾಕ್ಸ್ ಪಡೆದ ಕೆಲವರಲ್ಲಿ 12 ವಾರ ತುಂಬುವ ಮೊದಲೇ ಪರಿಣಾಮ ಇಳಿಯುವುದರಿಂದ, ಸೊನ್ನೆಗಳು ಯಾವ ವಾರದಿಂದ ಮತ್ತೆ ಒತ್ತಾಗುತ್ತಿವೆ ಎಂಬುದನ್ನು ಮುಂದಿನ ಭೇಟಿಯಲ್ಲಿ ಆ ಹಾಳೆಗಳ ಸಮೇತ ವೈದ್ಯರಿಗೆ ತೋರಿಸಿ.