ಬೆಟ್ಟದ ಮಡಿಲಲ್ಲಿ ಇಬ್ಬರೇ ಮದುವೆಯಾಗೋದು ಹೇಗೆ?

ನಾವು ಓಡಿಹೋಗಲಿಲ್ಲ. ಐನೂರು ಜನರ ಊಟದ ಲೆಕ್ಕದಿಂದ ತಪ್ಪಿಸಿಕೊಂಡೆವು, ಅಷ್ಟೇ. ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿದ್ದ ನಮಗೆ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ಹತ್ತಿರವೇ ಇತ್ತು.

ಮೊದಲು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕ್ಲರ್ಕ್ ಕಚೇರಿಗೆ ಹೋಗಿ ಮದುವೆ ಲೈಸೆನ್ಸ್ ತಗೊಳ್ಳಿ. 35 ದಿನದೊಳಗೆ ಮದುವೆ ಆಗಬೇಕು. ಆಮೇಲೆ 63 ದಿನದೊಳಗೆ ಸಹಿ ಮಾಡಿ ವಾಪಸ್ ಕೊಡಬೇಕು. ಕೊಲೊರಾಡೊದಲ್ಲಿ ಪುರೋಹಿತರೂ ಬೇಡ, ಸಾಕ್ಷಿಯೂ ಬೇಡ. ಇಬ್ಬರೇ ಸಹಿ ಹಾಕಿದರೂ ಮದುವೆ ಕಾನೂನುಬದ್ಧ! ಇದನ್ನು ಅಮ್ಮನಿಗೆ ಫೋನಿನಲ್ಲಿ ಮೂರು ಸಲ ವಿವರಿಸಿದೆ.

ಪಾರ್ಕಿನ ಅನುಮತಿ ಬೇರೆ. ಇಬ್ಬರೇ ಇದ್ದರೂ ಬೇಕು, ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ. ಅವರು ಗುರುತಿಸಿದ ಜಾಗಗಳಲ್ಲೇ ಮದುವೆ. ನಾವು ಸ್ಪ್ರೇಗ್ ಲೇಕ್ ಆರಿಸಿದೆವು. ಕೆರೆ ಸುತ್ತ ದಾರಿ ಸಮತಟ್ಟು, ಸೀರೆ ಉಟ್ಟುಕೊಂಡೇ ನಡೆಯಬಹುದು. ಬೆಳಗಿನ ಜಾವವೇ ಹೋಗಿ. ಗಾಳಿ ಕಡಿಮೆ, ನೀರಿನಲ್ಲಿ ಬೆಟ್ಟ ಕಾಣುತ್ತೆ. ಜುಲೈ ಮಧ್ಯಾಹ್ನ ಗುಡುಗು ಮಿಂಚು ಜಾಸ್ತಿ. ಬೇಸಿಗೆಯಲ್ಲಿ ಪಾರ್ಕಿನೊಳಗೆ ಹೋಗೋಕೆ ಸಮಯದ ಬುಕಿಂಗ್ ಬೇಕಾ ಅಂತಲೂ ನೋಡಿಕೊಳ್ಳಿ.

ಪಾರ್ಕಿನಲ್ಲಿ ಅಕ್ಷತೆ ಎರಚುವಂತಿಲ್ಲ. ಒಂದು ಕಾಳೂ ಬೀಳಬಾರದು. ನಾವು ಅದನ್ನು ಡಬ್ಬಿಯಲ್ಲೇ ಇಟ್ಟುಕೊಂಡು, ಮನೆಗೆ ಬಂದ ಮೇಲೆ ತಲೆ ಮೇಲೆ ಹಾಕಿಕೊಂಡೆವು.

ಕೆರೆ ಇರುವ ಎತ್ತರ ಎಂಟೂವರೆ ಸಾವಿರ ಅಡಿಗಿಂತ ಜಾಸ್ತಿ. ನೀರು ಕುಡಿಯುತ್ತಿರಿ. ರೇಷ್ಮೆ ಸೀರೆಯ ಒಳಗೆ ಬೆಚ್ಚಗಿಡುವ ಥರ್ಮಲ್ ಒಳಉಡುಪು ಹಾಕಿಕೊಳ್ಳಿ. ಫೋಟೋದಲ್ಲಿ ಯಾರಿಗೂ ಗೊತ್ತಾಗಲ್ಲ.