ಮೊಮ್ಮಗಳಿಗೆ ಅಜ್ಜನ ಹೆಸರು ಇಡುವುದು ಹೇಗೆ?

ಮೊಮ್ಮಗ ಹುಟ್ಟಿದರೆ ಅಜ್ಜನ ಹೆಸರು, ಮೊಮ್ಮಗಳು ಹುಟ್ಟಿದರೆ ಅಜ್ಜಿಯ ಹೆಸರು ಇಲ್ಲವೇ ಮನೆದೇವಿಯ ಹೆಸರು. ದಾವಣಗೆರೆ, ಚಿತ್ರದುರ್ಗದ ಕಡೆ ಇದು ಹಳೆಯ ರೂಢಿ. ಈಗ ಒಂದೇ ಮಗು ಸಾಕು ಅನ್ನುವ ಮನೆಗಳಿವೆ. ಆ ಮಗು ಹೆಣ್ಣಾದರೆ ಅಜ್ಜನ ಹೆಸರು ಅಲ್ಲಿಗೇ ನಿಲ್ಲಬೇಕಾ? ಬೇಕಿಲ್ಲ. ಕರೆಯಲು ಒಂದು ಹೆಸರು, ಅದರ ಬೆನ್ನಿಗೆ ಅಜ್ಜನದೋ ಸೋದರಮಾವನದೋ ಗುರುತು ಹೊತ್ತ ಇನ್ನೊಂದು ಹೆಸರು. ಈಗಿನವರು ಮಿಡಲ್ ನೇಮ್ ಅನ್ನುವುದು ಇದನ್ನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಹೆಸರಿನ ಪಕ್ಕ ಗಂಡಸಿನ ಹೆಸರು ಕಂಡರೆ ನಮ್ಮ ಕಡೆ ಜನ ಅದನ್ನು ತಂದೆಯ ಹೆಸರು ಅಂತಲೇ ಓದುತ್ತಾರೆ. ಅದಕ್ಕೆ ಕಾರಣವಿದೆ. ತ.ರಾ.ಸು. ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಚಳ್ಳಕೆರೆ ತಾಲ್ಲೂಕಿನ ಊರು ಮೊದಲು, ತಂದೆ ಆಮೇಲೆ, ತಾನು ಕೊನೆಗೆ. ಇನಿಷಿಯಲ್ಲಿನ ಈ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ. ಅಜ್ಜ ರುದ್ರಪ್ಪ, ಅಪ್ಪ ಮಹೇಶ ಅಂದುಕೊಳ್ಳಿ. ಮಗುವಿಗೆ 'ಅನನ್ಯ ರುದ್ರಪ್ಪ' ಅಂತ ಇಟ್ಟರೆ ಶಾಲೆಯಲ್ಲಿ ರುದ್ರಪ್ಪನೇ ಅಪ್ಪ. ಮದುವೆಯಾದ ಮೇಲೆ ರುದ್ರಪ್ಪನೇ ಗಂಡ! ಮನೆಯವರೆಲ್ಲರೂ ರುದ್ರಪ್ಪ ಅನ್ನುವುದನ್ನು ಸರ್‌ನೇಮ್ ಆಗಿ ಇಟ್ಟುಕೊಂಡಿದ್ದರೆ ಸರಿ. ಇಲ್ಲದಿದ್ದರೆ ಅಜ್ಜನ ಹೆಸರನ್ನು ಹೆಣ್ಣು ಹೆಸರಾಗಿ ತಿರುಗಿಸಿಕೊಳ್ಳುವುದೇ ವಾಸಿ.

ಯಾರ ಹೆಸರು?

ಇದು ಮೊದಲು ಗಟ್ಟಿಯಾಗಲಿ. ಅಪ್ಪನ ಕಡೆ ಒಬ್ಬ ಅಜ್ಜ, ಅಮ್ಮನ ಕಡೆ ಒಬ್ಬ ಅಜ್ಜ. ಇಬ್ಬರನ್ನೂ ಒಂದೇ ಹೆಸರಿಗೆ ತುರುಕಲು ಹೋಗಬೇಡಿ. ರುದ್ರಪ್ಪ, ಮಂಜಪ್ಪ ಸೇರಿ 'ರುಮಂಜಾ' ಅಂತ ಆಗಿ, ಕೊನೆಗೆ ಇಬ್ಬರೂ ಸಿಗುವುದಿಲ್ಲ. ಒಬ್ಬರ ನೆನಪು ನಡುವಿನ ಹೆಸರಿನಲ್ಲಿ ಇರಲಿ. ಕರೆಯುವ ಹೆಸರನ್ನು ಆರಿಸುವ ಹಕ್ಕು ಇನ್ನೊಂದು ಕಡೆಯವರಿಗೆ ಹೋಗಲಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಅಜ್ಜ ಬದುಕಿದ್ದರೆ ಅವರನ್ನೇ ಕೇಳಿ. ಕೆಲವು ಮನೆಗಳಲ್ಲಿ ಇರುವವರ ಹೆಸರು ಇಡುವುದಿಲ್ಲ, 'ನಾನಿನ್ನೂ ಗಟ್ಟಿಯಾಗಿದೀನಲ್ಲೋ' ಅನ್ನುವ ಅಜ್ಜಂದಿರೂ ಇದ್ದಾರೆ. ಅಜ್ಜಿಯನ್ನೂ ಕೇಳಿ. ಗಂಡನ ಹೆಸರನ್ನು, ಮಾವನ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲದವರು ಅವರು. ಮಾವನ ಹೆಸರಿಟ್ಟ ಮಗುವನ್ನು ಬೈಯುವುದು ಹೇಗೆ ಅಂತ ಹಿಂದೆ ಸೊಸೆಯಂದಿರು ಪುಟ್ಟ, ಅಪ್ಪಿ, ಚಿನ್ನಿ ಅಂತ ಬೇರೆ ಹೆಸರು ಹಿಡಿದೇ ಕೂಗುತ್ತಿದ್ದರು. ನಡುವಿನ ಹೆಸರಿನಲ್ಲಿ ಈ ತೊಂದರೆ ಇಲ್ಲ. ಕೂಗುವುದು, ಗದರುವುದು ಎಲ್ಲ ಮುಂದಿನ ಹೆಸರಿಗೆ. ಅಜ್ಜನ ಹೆಸರಿಗೆ ಬೈಗುಳ ತಾಗುವುದಿಲ್ಲ.

ಆಮೇಲೆ ಒಂದು ಹಾಳೆ ತಗೊಂಡು ಆ ಮನುಷ್ಯನಿಗಿದ್ದ ಹೆಸರುಗಳನ್ನೆಲ್ಲ ಬರೆಯಿರಿ. ಪಹಣಿಯಲ್ಲಿ ಇರುವುದು ಒಂದು, ಮನೆಯಲ್ಲಿ ಕರೆಯುತ್ತಿದ್ದುದು ಒಂದು, ಊರವರು ಕೂಗುತ್ತಿದ್ದುದು ಮತ್ತೊಂದು. ಯಾವ ದೇವರ ಹರಕೆಯಿಂದ ಆ ಹೆಸರು ಬಂತು ಅನ್ನುವುದನ್ನೂ ಬರೆಯಿರಿ. ಮುಂದಿನ ಕೆಲಸಕ್ಕೆ ಅದು ಬೇಕು.

ಹೆಸರು ತಿರುಗಿಸುವುದು

ನಮ್ಮ ಹಿರಿಯರು ಇದನ್ನು ಎಂದೋ ಬಗೆಹರಿಸಿಟ್ಟಿದ್ದಾರೆ. ತಿಪ್ಪಯ್ಯನಿಗೆ ತಿಪ್ಪಮ್ಮ, ಕೊಟ್ರಪ್ಪನಿಗೆ ಕೊಟ್ರಮ್ಮ, ಕರಿಬಸಪ್ಪನಿಗೆ ಕರಿಬಸಮ್ಮ, ಹನುಮಂತಪ್ಪನಿಗೆ ಹನುಮಕ್ಕ, ಹಾಲಪ್ಪನಿಗೆ ಹಾಲಮ್ಮ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೋ, ಕೊಟ್ಟೂರೇಶ್ವರನಿಗೋ, ಉಕ್ಕಡಗಾತ್ರಿಯ ಕರಿಬಸವೇಶ್ವರನಿಗೋ ಹರಕೆ ಹೊತ್ತವರು ಹುಟ್ಟುವ ಮಗು ಗಂಡೋ ಹೆಣ್ಣೋ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಹೆಸರಿನ ಬಾಲ ಮಾತ್ರ ಬದಲಾಯಿತು. ದುರ್ಗದ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಹೆಸರೂ ಓಬಯ್ಯ, ಓಬಣ್ಣರ ಸಾಲಿನದೇ. ನಿಮ್ಮ ಅಜ್ಜ ಓಬಯ್ಯ ಆಗಿದ್ದರೆ ಹುಡುಕುವ ಶ್ರಮವೇ ಇಲ್ಲ. 'ಸಾನ್ವಿ ಓಬವ್ವ' ಅಂತ ಇಡಿ, ಚಿತ್ರದುರ್ಗದಲ್ಲಿ ಯಾರೂ ಅರ್ಥ ಕೇಳುವುದಿಲ್ಲ.

ಈ ದಾರಿಯೇ ನನಗೆ ಹೆಚ್ಚು ಇಷ್ಟ. 'ತಿಪ್ಪಮ್ಮ ಅಂದರೆ ಮಗು ದೊಡ್ಡವಳಾದ ಮೇಲೆ ನಾಚಿಕೊಳ್ಳುತ್ತಾಳೆ' ಅನ್ನುವವರು ಇದ್ದೇ ಇರುತ್ತಾರೆ. ಮುಂದಿನ ಹೆಸರು ಎಷ್ಟು ಬೇಕಾದರೂ ಹೊಸದಾಗಿರಲಿ, ಅದಕ್ಕೇ ಅಲ್ವಾ ಎರಡು ಹೆಸರು ಇಡುವುದು?

ಅಷ್ಟು ಹಳೆಯದು ಬೇಡ ಅಂದರೆ ದೇವರ ಜೋಡಿ ಹೆಸರು ಹಿಡಿಯಿರಿ. ಮಹಾದೇವಪ್ಪನಿಂದ ಮಹಾದೇವಿ, ಈಶ್ವರಪ್ಪನಿಂದ ಈಶ್ವರಿ, ರುದ್ರಪ್ಪನಿಂದ ರುದ್ರಾಣಿ, ಶಿವಣ್ಣನಿಂದ ಶಿವಾನಿ. ಆಂಜನೇಯಪ್ಪನಿಗೆ ಅಂಜನಾ, ಪರಶುರಾಮನಿಗೆ ರೇಣುಕಾ ಆಗುತ್ತದೆ. ಇವೆರಡೂ ಆ ದೇವರ ತಾಯಂದಿರ ಹೆಸರು. ಮೊಮ್ಮಗಳು ಅಜ್ಜನಿಗೆ ತಾಯಿಯಾದಳಲ್ಲ ಅಂತ ನಗಬೇಡಿ. ನಮ್ಮ ಅಜ್ಜಂದಿರು ಮೊಮ್ಮಗಳನ್ನು 'ಬಾರವ್ವ' ಅಂತಲೇ ಕರೆಯುವುದು.

ಉದ್ದದ ಹೆಸರಾದರೆ ಅರ್ಧ ಮುರಿದುಕೊಳ್ಳಬಹುದು. ಮಲ್ಲಿಕಾರ್ಜುನನಲ್ಲಿ ಮಲ್ಲಿಕಾ ಇದ್ದೇ ಇದೆ. ನಾಗರಾಜನಿಂದ ನಾಗವೇಣಿ, ಷಣ್ಮುಖಪ್ಪನಿಂದ ಷಣ್ಮುಖಪ್ರಿಯಾ. ವೀರಭದ್ರಪ್ಪನಲ್ಲಿ ಭದ್ರಾ ಇದೆ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ದಾವಣಗೆರೆ ಸೀಮೆಯ ಮನೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ. ಅಜ್ಜ ಚಂದ್ರಶೇಖರಪ್ಪ, ಊರು ದುರ್ಗ ಆದರೆ ಚಂದ್ರವಳ್ಳಿ. ಕೆರೆ, ಗುಹೆ, ಕದಂಬರ ಮಯೂರಶರ್ಮನ ಶಾಸನ ಇರುವ ಜಾಗ ಅದು. ಹುಡುಗಿಯ ಹೆಸರಾಗಿ ಯಾಕೋ ಯಾರೂ ಇಡುವುದಿಲ್ಲ.

ಮುಸ್ಲಿಂ ಮನೆಗಳಲ್ಲಿ ಕೆಲಸ ಇನ್ನೂ ಸುಲಭ. ಕರೀಂ ಕರೀಮಾ ಆಗುತ್ತದೆ, ಸಲೀಂ ಸಲೀಮಾ, ರಶೀದ್ ರಶೀದಾ, ಅಮೀನ್ ಅಮೀನಾ. ಅಜ್ಜ ಅಬ್ದುಲ್ ಕರೀಂ ಆಗಿದ್ದರೆ ಅಬ್ದುಲ್ ಬಿಟ್ಟು ಉಳಿದದ್ದನ್ನು ತಿರುಗಿಸಿದರಾಯಿತು.

ಹೇಗೆ ತಿರುಗಿಸಿದರೂ ಹೆಸರು ನಾಲಿಗೆಗೆ ಹತ್ತುತ್ತಿಲ್ಲ ಅಂದರೆ ಅವರ ಊರಿನ ಕಡೆ ನೋಡಿ. ಹಿರಿಯೂರಿನ ಅಜ್ಜನಿಗೆ ವೇದಾವತಿ, ಹರಿಹರದ ಅಜ್ಜನಿಗೆ ತುಂಗಾ. ಹೂವು ಬೆಳೆದು ಮನೆ ನಡೆಸಿದವರಿಗೆ ಸೇವಂತಿ. ಇಲ್ಲಿ ಅಜ್ಜನ ಹೆಸರು ಬರುವುದಿಲ್ಲ, ಅಜ್ಜ ಬರುತ್ತಾರೆ. ಆದರೆ ಮೊದಲ ಅಕ್ಷರ ಮಾತ್ರ ತಗೊಂಡು ರುದ್ರಪ್ಪನ ನೆನಪಿಗೆ ರಿಯಾ ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಅಜ್ಜನನ್ನು ಕಂಡವರಿಗೆ ಹೆಸರು ಕೇಳಿದೊಡನೆ 'ಓ, ಅವರದ್ದಾ?' ಅನ್ನಿಸಬೇಕು. ಆರಿಸಿದ ಹೆಸರನ್ನು ಅವರ ತಮ್ಮನ ಮುಂದೋ ಹಳೆಯ ಸ್ನೇಹಿತನ ಮುಂದೋ ಹೇಳಿ ನೋಡಿ, ಗೊತ್ತಾಗುತ್ತದೆ.

ಅಕ್ಷರ, ತೊಟ್ಟಿಲು

ಎರಡೂ ಹೆಸರನ್ನು ಒಟ್ಟಿಗೆ ಜೋರಾಗಿ ಕೂಗಿ ನೋಡಿ. ಒಂದು ಉದ್ದ ಇದ್ದರೆ ಇನ್ನೊಂದು ಗಿಡ್ಡ ಇರಲಿ. 'ಇರಾ ಮಹಾದೇವಿ' ಸಲೀಸಾಗಿ ಬರುತ್ತದೆ, 'ಐಶ್ವರ್ಯಲಕ್ಷ್ಮಿ ಷಣ್ಮುಖಪ್ರಿಯಾ' ಅನ್ನುವಷ್ಟರಲ್ಲಿ ಉಸಿರು ಹೋಗುತ್ತದೆ.

ನಕ್ಷತ್ರದ ಅಕ್ಷರ ನೋಡುವ ಮನೆಯಾದರೆ ಆ ಅಕ್ಷರ ಮುಂದಿನ ಹೆಸರಿಗಿರಲಿ. ರೋಹಿಣಿ ನಕ್ಷತ್ರಕ್ಕೆ ಓ, ವಾ, ವಿ, ವು ಅಂತಾರೆ. ಅದಕ್ಕೆ ತಕ್ಕಂತೆ ಮುಂದೆ ವಾಣಿ ಇಟ್ಟು, ನಡುವೆ ಅಜ್ಜನ ಹೆಸರು ಯಾವ ಅಕ್ಷರದ್ದಾದರೂ ಇಡಬಹುದು. ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಗೆ ಎರಡೂ ಹೆಸರನ್ನು ಮೊದಲೇ ಬಾಯಿಪಾಠ ಮಾಡಿಸಿ. ಎಷ್ಟೋ ಕಡೆ ಅತ್ತೆ ತನಗಿಷ್ಟವಾದ ಹೆಸರನ್ನೇ ಊದಿಬಿಡುತ್ತಾಳೆ!

ಕಾಗದದ ಕೆಲಸ

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಮಾಹಿತಿ ಕಳಿಸುವುದು ಆಸ್ಪತ್ರೆಯವರ ಕೆಲಸ. ಆದರೆ ಅಷ್ಟರೊಳಗೆ ಹೆಸರು ಗೊತ್ತಾಗಲೇಬೇಕು ಅಂತಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಅವಸರಕ್ಕೆ ಒಂದು ಹೆಸರು ಬರೆಸಿ, ನಾಮಕರಣದಲ್ಲಿ ಇನ್ನೊಂದು ಇಟ್ಟು, ಆಮೇಲೆ ತಿದ್ದುಪಡಿಗೆ ಅಲೆಯುವುದಕ್ಕಿಂತ ಆ ಜಾಗ ಖಾಲಿ ಬಿಡುವುದು ಎಷ್ಟೋ ಮೇಲು.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ಹುಟ್ಟಿದ ದಿನದ ದಾಖಲೆ ಅಂದರೆ ಜನನ ಪ್ರಮಾಣ ಪತ್ರವೇ. ಹಾಗಾಗಿ ನಡುವಿನ ಹೆಸರು ಅದರಲ್ಲೇ ಬರಬೇಕು. 'ಆಮೇಲೆ ಆಧಾರ್‌ನಲ್ಲಿ ಸೇರಿಸೋಣ ಬಿಡಿ' ಅನ್ನಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಮದುವೆಯ ನಂತರ ಹುಡುಗಿಗೆ ಒಂದು ಬೇಕಾಗಬಹುದು.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಮಿಡಲ್ ನೇಮ್‌ಗೆ ಬೇರೆ ಜಾಗವಿಲ್ಲ. ಅಲ್ಲಿರುವುದು ಕೊಟ್ಟ ಹೆಸರು, ಸರ್‌ನೇಮ್ ಎರಡೇ. 'ಇರಾ ಮಹಾದೇವಿ' ಎರಡನ್ನೂ ಒಟ್ಟಿಗೆ ಮೊದಲ ಜಾಗದಲ್ಲಿ ಬರೆಯಿರಿ. ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಜನನ ಪ್ರಮಾಣ ಪತ್ರದಲ್ಲೂ ಅಜ್ಜನ ಹೆಸರನ್ನು 'ಎಂ.' ಅಂತ ಮೊಟಕು ಮಾಡದೆ ಪೂರ್ತಿ ಬರೆಸಿ.

ಇಂಗ್ಲಿಷ್ ಸ್ಪೆಲ್ಲಿಂಗನ್ನು ಮಾತ್ರ ಬರೆಸುವ ಮೊದಲು ಮನೆಯಲ್ಲೇ ತೀರ್ಮಾನಿಸಿ. ತಿಪ್ಪಮ್ಮನಿಗೆ ಟಿ ಪಕ್ಕ ಎಚ್ ಹಾಕುತ್ತೀರಾ ಇಲ್ಲವಾ, ರುದ್ರಾಣಿಯ ಕೊನೆಗೆ ಐ ಒಂದಾ ಇ ಎರಡಾ? ದಪ್ಪಕ್ಷರದಲ್ಲಿ ಚೀಟಿಯಲ್ಲಿ ಬರೆದು ನೋಂದಣಿ ಕೌಂಟರಿಗೆ ಕೊಡಿ. ಟೈಪ್ ಮಾಡಿದ ಮೇಲೆ ಕಂಪ್ಯೂಟರ್ ಪರದೆಯಲ್ಲಿ ಕನ್ನಡದ್ದನ್ನೂ ಇಂಗ್ಲಿಷಿನದನ್ನೂ ಅಕ್ಷರ ಅಕ್ಷರ ಓದಿ, ಆಮೇಲೆ ಪ್ರಿಂಟ್ ತೆಗೆಯಲು ಹೇಳಿ.