ಮಳೆಗಾಲಕ್ಕೆ ದೋಣಿ ದಡ ಸೇರಿದಾಗ ಕೀಲ್ ನೋಡಿ
ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಸಣ್ಣ ಹಾಯಿದೋಣಿ ಇಟ್ಟುಕೊಂಡವರಿಗೆ ಮೇಲೆತ್ತುವ ಕೀಲ್, ಅಂದರೆ ದೋಣಿಯ ಅಡಿಯಿಂದ ನೀರಿಗೆ ಇಳಿದು ಅದನ್ನು ಸ್ಥಿರವಾಗಿಡುವ ಭಾರದ ಹಲಗೆ, ದೊಡ್ಡ ಅನುಕೂಲ. ಆಳ ಕಡಿಮೆಯಾದರೆ ಎತ್ತಿಬಿಟ್ಟರಾಯಿತು. ಎತ್ತುವ ತಂತಿಯನ್ನು ಮಾತ್ರ ಯಾರೂ ನೋಡುವುದಿಲ್ಲ.

ಮೊದಲು ಕೀಲ್ ಕೆಳಗೆ ಮರದ ದಿಮ್ಮಿ ಕೊಟ್ಟು ಭಾರ ಇಳಿಸಿ. ತಂತಿಯನ್ನು ನಂಬಿ ಅಡಿಗೆ ಕೈ ಹಾಕಬೇಡಿ. ತಂತಿಯನ್ನು ಹಳೆಯ ಬಟ್ಟೆಯಿಂದ ಉದ್ದಕ್ಕೂ ಸವರಿ. ಬಟ್ಟೆ ಸಿಕ್ಕಿಕೊಂಡಲ್ಲಿ ಎಳೆ ತುಂಡಾಗಿರುತ್ತದೆ. ಒಂದೇ ಎಳೆ ಹೋಗಿದ್ದರೂ ನಾನು ಇಡೀ ತಂತಿಯನ್ನೇ ಬದಲಿಸುತ್ತೇನೆ. ಜಿಪುಣತನಕ್ಕೆ ಬೇರೆ ಜಾಗಗಳಿವೆ.

ಕೀಲ್ ತಿರುಗುವ ಬೋಲ್ಟನ್ನೂ ಹೊರತೆಗೆಯಿರಿ. ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕಿಲ್ಲವೆಂಬ ಭ್ರಮೆ ನನಗೂ ಇತ್ತು. ಉಪ್ಪುನೀರು ನಿಂತು ಗಾಳಿಯಾಡದ ಸಂದಿಯಲ್ಲಿ ಅದೂ ತಿಂದುಹೋಗುತ್ತದೆ. ಬೆರಳಿಗೆ ಕುಳಿ ಅಥವಾ ಸವೆತ ತಗುಲಿದರೆ ಹೊಸದು ಹಾಕಿ. ಕೀಲ್ ಇಳಿಯುವ ಗೂಡಿನ ಮರಳು, ಚಿಪ್ಪುಗಳನ್ನು ಕೆರೆದು ಸಿಹಿನೀರಿನಲ್ಲಿ ತೊಳೆಯಿರಿ.